ಸೊನ್ನೆಗೆ ಬಾರದ ಮುಳ್ಳು

ಮೀಟರ್ ಭಾಯಿ ಸತ್ತಿದ್ದು ಬಿ.ಪಿ.ಯಿಂದ ಎಂದು ಶಿಡ್ಲಘಟ್ಟದಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳು. ಬಿ.ಪಿ. ಇರುವವರು ಮನೆಗೊಬ್ಬರಿದ್ದಾರೆ. ಬೆಳಿಗ್ಗೆ ಒಂದು ಮಾತ್ರೆ ನುಂಗುತ್ತಾರೆ, ಉಪ್ಪಿನಕಾಯಿ ಬೇಡ ಅನ್ನುತ್ತಲೇ ಎರಡು ಹೋಳು ಹಾಕಿಸಿಕೊಳ್ಳುತ್ತಾರೆ, ಮೊಮ್ಮಕ್ಕಳ ಮದುವೆಯಲ್ಲಿ ಓಡಾಡುತ್ತಾರೆ. ಆತ ಸತ್ತಿದ್ದು ಡಾಕ್ಟರಮ್ಮನ ಮೆಷಿನ್ ಸರಿಯಿಲ್ಲ ಎಂದು ವಾದ ಮಾಡಿ. ವಾದ ನಡೆದಾಗ ನಾನು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಅದರಲ್ಲಿ ನನ್ನ ಪಾಲೂ ಇದೆ. ಅದನ್ನು ಬಚ್ಚಿಟ್ಟು ಆತನ ಗುಣಗಾನ ಮಾಡಲು ನನ್ನಿಂದ ಆಗದು.

ಆತನಿಗೆ ತಂದೆ ತಾಯಿ ಇಟ್ಟ ಹೆಸರೊಂದು ಇತ್ತು. ಆ ಹೆಸರಿನಲ್ಲಿ ಕರೆದರೆ ಆತನೇ ತಿರುಗಿ ನೋಡುತ್ತಿರಲಿಲ್ಲ. ರೇಷ್ಮೆ ಗೂಡಿನ ಮಾರುಕಟ್ಟೆಯಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ, ಒಂದು ಸಂದಿಯಲ್ಲಿ, ಆತನ ಅಂಗಡಿ. ಎರಡು ಗಾಡಿ ನಿಲ್ಲಿಸಿದರೆ ಮೂರನೆಯದು ಚರಂಡಿಯ ಕಲ್ಲಿನ ಮೇಲೆ. ಹಳೆ ಮೋಟಾರ್ ಸೈಕಲ್‌ಗಳ ಮೀಟರ್ ರಿಪೇರಿ ಬಿಟ್ಟರೆ ಬೇರೆ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಪಂಕ್ಚರ್ ಹಾಕು ಎಂದರೆ ಬೀದಿಯ ಆಚೆ ಕೈ ತೋರಿಸುತ್ತಿದ್ದ. ಗೋಡೆಗೆ ಒಂದು ಹಳೆ ಚಂದ್ರಿಕೆ ಒರಗಿಸಿದ್ದ. ಚಂದ್ರಿಕೆ ಎಂದರೆ ಹಣ್ಣಾದ ಹುಳು ಗೂಡು ಕಟ್ಟಲಿ ಎಂದು ನಾವು ಬಿಡುವ ಬಿದಿರಿನ ದೊಡ್ಡ ತಟ್ಟೆ; ಅದರಲ್ಲಿ ಬಿದಿರ ಪಟ್ಟಿಯನ್ನು ಸುರುಳಿ ಸುತ್ತಿರುತ್ತಾರೆ. ಆ ಸುರುಳಿಯ ಸಾಲುಗಳಲ್ಲಿ ಆತ ಸ್ಪೀಡೋ ಮೀಟರಿನ ಕೇಬಲ್‌ಗಳನ್ನು ಸುತ್ತಿ ಸಿಕ್ಕಿಸಿದ್ದ. ಎಂಥ ಒಳ್ಳೆಯ ಚಂದ್ರಿಕೆ, ಹೀಗೆ ಗ್ರೀಸ್ ಬಳಿದು ಹಾಳು ಮಾಡಿದೆಯಲ್ಲ ಎಂದು ನಾನು ಮೊದಲ ದಿನವೇ ಬೈದಿದ್ದೆ.

"ಹುಳ ಸಾಕೋದು ಬಿಟ್ಟೋರು ಒಲೆಗೆ ಹಾಕ್ತಿದ್ರು ಅಕ್ಕಾ. ನಾನು ಉಳಿಸಿಕೊಂಡೆ. ಯಾರು ಹಾಳು ಮಾಡಿದ್ದು?"

ಹೀಗೆ. ಒಂದು ಮಾತಿಗೂ ಹೂಂ ಎನ್ನದ ಮನುಷ್ಯ.

ನಮ್ಮದು ಸಾದಲಿ ಕಡೆಯ ಹಳ್ಳಿ. ನಮ್ಮ ಗಾಡಿಯನ್ನು ನನ್ನ ಗಂಡ ಗೌರಿಬಿದನೂರಿನಲ್ಲಿ ಒಬ್ಬ ಮೇಷ್ಟ್ರ ಹತ್ತಿರ ಕೊಂಡು ತಂದಿದ್ದರು. ಆಗಲೇ ಅದು ಹಳೆಯದು. ಅವರು ಹೋದ ಮೇಲೆ ಮಗಳು ಓಡಿಸುತ್ತಾಳೆ. ಗೂಡು ಬಿಡಿಸಿದ ದಿನ ಚೀಲಗಳನ್ನು ಎರಡು ಕಡೆಗೆ ಕಟ್ಟಿ, ನಡುವೆ ನನ್ನನ್ನು ಕೂರಿಸಿಕೊಂಡು ಮಾರುಕಟ್ಟೆಗೆ ಬರುತ್ತಾಳೆ. ಒಂದು ಸಲ ಆ ಗಾಡಿಗೆ ಏನೋ ರೋಗ ಬಡಿಯಿತು. ಬ್ರೇಕ್ ಹಿಡಿದರೆ ಪೆಟ್ರೋಲಿನ ಮುಳ್ಳು ಕೆಳಗೆ ಬೀಳುವುದು. ಇಂಡಿಕೇಟರ್ ಹಾಕಿದರೆ ಅದು ಮಿಣುಕಿದ ಹಾಗೆಲ್ಲ ಈ ಮುಳ್ಳೂ ಕುಣಿಯುವುದು. ಚಿಂತಾಮಣಿಯ ಒಂದು ಗ್ಯಾರೇಜಿನಲ್ಲಿ, ಮೀಟರ್ ಪೂರ್ತಿ ಹೋಗಿದೆ, ಹೊಸದು ಹಾಕಿಸಿ ಎಂದರು. ಹಳೆ ಗಾಡಿಗೆ ಹೊಸದು ಎಲ್ಲಿ ಸಿಗುತ್ತದೆ ಎಂದು ಕೇಳಿದಾಗ, ಸಿಗಲ್ಲ ಎಂದೂ ಅವರೇ ಹೇಳಿದರು. ಮಾರುಕಟ್ಟೆಯಲ್ಲಿ ಯಾರೋ ಈ ಸಂದಿ ತೋರಿಸಿದರು.

ಭಾಯಿ ಗಾಡಿ ಮುಟ್ಟಲಿಲ್ಲ. ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳತೊಡಗಿದ.

"ಯಾವಾಗಿಂದ ಹೀಗೆ?"

"ಹದಿನೈದು ದಿನ ಆಯ್ತು."

"ಅದಕ್ಕೆ ಮುಂಚೆ ಗಾಡಿ ತೊಳೆದ್ರಾ?"

"ತೊಳೆದ್ವಿ."

"ಬಕೆಟಲ್ಲೋ, ಪೈಪಲ್ಲೋ?"

"ಪೈಪಲ್ಲಿ."

"ಪೈಪು ಮೇಲಿಂದ ಹಿಡಿದ್ರಾ, ಪಕ್ಕದಿಂದ ಹಿಡಿದ್ರಾ?"

ನನಗೆ ರೇಗಿತು. "ಹೆಣ್ಣು ನೋಡೋಕೆ ಬಂದೋರೂ ಇಷ್ಟು ಕೇಳಲ್ಲ ಕಣಪ್ಪ. ಆಗುತ್ತೋ ಇಲ್ವೋ ಹೇಳು."

"ಹೆಣ್ಣು ನೋಡೋಕೆ ಬಂದೋರು ಕೇಳದೇ ಇದ್ದಿದ್ದಕ್ಕೇ ನನ್ನ ಹೆಂಡ್ತಿಗೆ ನಾನು ಸಿಕ್ಕಿದ್ದು" ಎಂದ. ಮಗಳು ನಕ್ಕಳು. ನಾನು ನಗಲಿಲ್ಲ. ಮಾರುಕಟ್ಟೆಯಲ್ಲಿ ನಮ್ಮ ಗೂಡಿನ ಹತ್ತಿರ ಯಾರೂ ಇರಲಿಲ್ಲ.

ಆಮೇಲೆ ಟ್ಯಾಂಕಿನ ಕೆಳಗೆ ಕೈ ತೂರಿಸಿ ಒಂದು ವೈರ್ ಬಿಡಿಸಿ, ಅದರ ತುದಿಯನ್ನು ಗಾಡಿಯ ಕಬ್ಬಿಣಕ್ಕೆ ತಾಗಿಸಿದ. ಮುಳ್ಳು ಖಾಲಿಯ ಕಡೆಯಿಂದ ತುಂಬಿದ ಕಡೆಗೆ ಒಂದೇ ಏಟಿಗೆ ಹಾರಿತು.

"ನೋಡಿ, ಮುಳ್ಳು ಬದುಕಿದೆ. ಬದುಕಿರೋದನ್ನ ಹೂಳೋಕೆ ಹೊರಟಿದ್ರು."

ಅಷ್ಟಕ್ಕೆ ನಿಲ್ಲಿಸಿದ್ದರೆ ನಮ್ಮ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ನಿಲ್ಲಿಸಲಿಲ್ಲ. ಫ್ಯೂಸ್ ತೆಗೆದು ನೋಡಿದ. ಬ್ರೇಕಿನ ಬಲ್ಬ್ ತೆಗೆದು ನೋಡಿದ. ಬ್ಯಾಟರಿಯಿಂದ ಹಿಡಿದು ಒಂದೊಂದೇ ವೈರನ್ನು, ನಾವು ಹುಳು ಆರಿಸಿದ ಹಾಗೆ, ಬೆರಳಲ್ಲಿ ಸವರಿಕೊಂಡು ಬಂದ. ಕೊನೆಗೆ ಸೀಟಿನ ಅಡಿಯಲ್ಲಿ ಅರ್ತ್ ವೈರ್ ಕೂರುವ ಒಂದು ಬೋಲ್ಟ್. ಅದರ ಕೆಳಗೆ ತುಕ್ಕು. ಮರಳು ಕಾಗದದಲ್ಲಿ ಉಜ್ಜಿ ಬಿಗಿ ಮಾಡಿದ. ಮುಳ್ಳು ಕುಣಿಯುವುದು ನಿಂತಿತು. ಎರಡು ನಿಮಿಷದ ಕೆಲಸಕ್ಕೆ ಅರ್ಧ ದಿನ. ಎದುರಿನ ಟೀ ಅಂಗಡಿಯವನು ತೆಲುಗಿನವನು, "ಏಮಣ್ಣಾ, ಇಂಕಾ ಕಾಲೇದಾ?" ಎಂದು, ಇನ್ನೂ ಆಗಲಿಲ್ಲವೇ ಎಂದು ನಾಲ್ಕು ಸಲ ಕೇಳಿದ. ಆತ ನಾಲ್ಕು ಸಲವೂ ತಲೆ ಎತ್ತಲಿಲ್ಲ.

ಆದರೆ ಮುಳ್ಳು ಆಮೇಲೆ ವರ್ಷಗಟ್ಟಲೆ ಕುಣಿಯಲಿಲ್ಲ. ಅದನ್ನೂ ಹೇಳಬೇಕು.

ಆತನದ್ದು ಒಂದೇ ಕ್ರಮ. ಮೀಟರನ್ನು ಮೊದಲು ಬಿಚ್ಚುತ್ತಿರಲಿಲ್ಲ. ಸ್ಪೀಡಿನ ಮುಳ್ಳು ಸತ್ತಿದೆ ಎಂದು ಬಂದರೆ ಮುಂದಿನ ಚಕ್ರದ ಹತ್ತಿರ ಕೂರುತ್ತಿದ್ದ. ಚಕ್ರ ತಿರುಗಿಸಿ, ಅಲ್ಲಿನ ಹಲ್ಲು ಸವೆದಿದೆಯೇ ನೋಡಿ, ಕೇಬಲ್ ಎಳೆದು ನೋಡಿ, ಕಿಲೋಮೀಟರಿನ ಅಂಕಿ ಓಡುತ್ತಿದೆಯೇ ನೋಡಿ, ಆಮೇಲೆ ಮೀಟರಿನ ಸರದಿ. ಅಂಕಿಯೂ ನಿಂತಿದ್ದರೆ ಕೇಬಲ್ ತುಂಡಾಗಿದೆ. ಅಂಕಿ ಓಡುತ್ತಿದ್ದು ಮುಳ್ಳು ಮಾತ್ರ ಸತ್ತಿದ್ದರೆ ಮೀಟರಿನ ಒಳಗೆ ತೊಂದರೆ. ಇಷ್ಟು ನನಗೂ ಬಂದುಬಿಟ್ಟಿದೆ, ಅಲ್ಲಿ ಕೂತು ಕೂತು. ಗಾಜಿನ ಮೇಲೆ ಬೆರಳಿನಿಂದ ತಟ್ಟುವವರನ್ನು ಕಂಡರೆ ಆತನಿಗೆ ಆಗುತ್ತಿರಲಿಲ್ಲ. "ತಟ್ಟಿದ್ರೆ ನಿಜ ಹೇಳೋಕೆ ಅದೇನು ಸ್ಟೇಷನ್ನಲ್ಲಿ ಕೂತಿರೋ ಕಳ್ಳನಾ?" ಎನ್ನುತ್ತಿದ್ದ.

ಇನ್ನೊಂದು ಚಾಳಿ ಇತ್ತು. ಯಾವ ಭಾಗದ ಮೇಲೆ ಅನುಮಾನವೋ ಅದನ್ನು, ಸರಿಯಾಗಿರುವ ಇನ್ನೊಂದು ಗಾಡಿಗೆ ಹಾಕಿ ನೋಡುವುದು. ಅಲ್ಲಿ ಸರಿಯಾಗಿ ತೋರಿಸಿದರೆ ಭಾಗ ಸರಿಯಿದೆ, ನಿನ್ನ ಗಾಡಿ ಕೆಟ್ಟಿದೆ. ಅಲ್ಲೂ ತಪ್ಪು ತೋರಿಸಿದರೆ ಭಾಗ ಕೆಟ್ಟಿದೆ. ಹಾಗೆ ನೋಡಿದ ಮೇಲೆ ಆತ ಒಂದು ಮಾತೂ ಎದುರಾಡುತ್ತಿರಲಿಲ್ಲ. ಏನು ಕಂಡಿತೋ ಅದನ್ನು ಒಪ್ಪಿ ಕೆಲಸಕ್ಕೆ ಇಳಿಯುತ್ತಿದ್ದ. ಆದರೆ ನೋಡುವವರೆಗೆ ದೇವರು ಬಂದು ಹೇಳಿದರೂ ಒಪ್ಪುತ್ತಿರಲಿಲ್ಲ. ಇದಕ್ಕಾಗಿ ಸಂದಿಯಲ್ಲಿ ನಿಂತ ಯಾರ ಗಾಡಿಯನ್ನಾದರೂ ಕೇಳದೆ ಬಿಚ್ಚುತ್ತಿದ್ದ. ಒಂದು ಸಲ ಹಾಲಿನವನ ಗಾಡಿಯ ಮೀಟರ್ ಬಿಚ್ಚಿ ಕೂತು, ಹಾಲಿನವನು ಕ್ಯಾನ್ ಹಿಡಿದುಕೊಂಡು ಬಂದು ಬಾಯಿಗೆ ಬಂದ ಹಾಗೆ ಬೈದ ಮೇಲೆ, ಹಾಲು ಒಡೆಯುವ ಹೊತ್ತಿಗೆ ಗಾಡಿ ವಾಪಸ್ ಕೊಟ್ಟ.

ಒಮ್ಮೆ ಸ್ಕಂದಗಿರಿ ಹತ್ತಲು ಬಂದ ಒಬ್ಬ ಹುಡುಗ ಹಳೆ ಗಾಡಿಗೆ ಹೊಸ ಬಣ್ಣ ಹೊಡೆಸಿ, ದಾರಿ ಕೇಳಿಕೊಂಡು ಅಲ್ಲಿಯವರೆಗೂ ಬಂದಿದ್ದ. "ಅಂಕಲ್, ಟ್ಯಾಂಕ್ ಫುಲ್ ಮಾಡ್ಸಿದ್ರೂ ಫ್ಯುಯೆಲ್ ಗೇಜ್ ಎಂಪ್ಟೀನೇ ತೋರಿಸ್ತಿದೆ. ಆನ್‌ಲೈನಲ್ಲಿ ಹೊಸದು ಆರ್ಡರ್ ಮಾಡ್ಲಾ?"

ಭಾಯಿ ಟ್ಯಾಂಕಿನ ಒಳಗಿನ ತೇಲುವ ಬುರುಡೆಯನ್ನು ಹೊರಗೆ ತೆಗೆದು ಹುಡುಗನ ಕಿವಿಯ ಹತ್ತಿರ ಅಲ್ಲಾಡಿಸಿದ. "ಏನು ಕೇಳಿಸ್ತು?"

"ಗುಳುಗುಳು ಅಂತಿದೆ."

"ತೂತಾಗಿ ಒಳಗೆ ಪೆಟ್ರೋಲ್ ಕುಡಿದಿದೆ. ತೇಲಬೇಕಾದ್ದು ಮುಳುಗಿದೆ. ಪಾಪ, ಮುಳ್ಳು ತನಗೆ ಬಂದ ಸುದ್ದೀನೇ ಹೇಳ್ತಿತ್ತು. ನೀನು ಅದನ್ನ ಮನೆ ಬಿಟ್ಟು ಓಡಿಸ್ತಿದ್ದೆ."

ಹುಡುಗ ಫೋಟೋ ತೆಗೆಯಲು ಹೋದ. "ನನ್ನದು ಬೇಡಪ್ಪ, ಬುರುಡೇದು ತೆಗಿ" ಎಂದ ಭಾಯಿ.

ಇಷ್ಟೆಲ್ಲ ಬುದ್ಧಿ ಇದ್ದ ಮನುಷ್ಯ. ಅದಕ್ಕೇ ನನಗೆ ಇವತ್ತಿಗೂ ಸಿಟ್ಟು.

ಕೆಲವು ವರ್ಷಗಳ ಮೇಲೆ ನಮ್ಮ ಗಾಡಿಯ ಸ್ಪೀಡಿನ ಮುಳ್ಳು ಕೆಟ್ಟಿತು. ಗಾಡಿ ನಿಂತರೂ ಅದು ಇಪ್ಪತ್ತರಲ್ಲೇ ನಿಂತಿರುತ್ತಿತ್ತು. ಗೂಡು ತಂದ ದಿನ ಮಗಳು ಮಾರುಕಟ್ಟೆಯ ಒಳಗೆ ಹೋದಳು, ನಾನು ಗಾಡಿಯ ಜೊತೆ ಸಂದಿಯಲ್ಲಿ ಕೂತೆ. ಚಕ್ರ ಆಯಿತು, ಕೇಬಲ್ ಆಯಿತು, ಕೊನೆಗೆ ಮೀಟರ್ ಬಿಚ್ಚಿದ. ಒಳಗೆ ಕೂದಲಿನಷ್ಟು ಸಣ್ಣ ಸುರುಳಿ ಸ್ಪ್ರಿಂಗ್. ಮುಳ್ಳನ್ನು ಹಿಂದಕ್ಕೆ ಎಳೆದು ತರುವುದು ಅದೇ, ಅದು ಸೋತಿದೆ ಎಂದ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಬಗ್ಗಿದ. ಟಪ್ ಎಂದು ಮೀಟರಿನ ಬಿಳಿ ತಟ್ಟೆಯ ಮೇಲೆ ರಕ್ತದ ಹನಿ ಬಿತ್ತು. ಮತ್ತೊಂದು ಬಿತ್ತು.

ಆತ ಲುಂಗಿಯ ತುದಿಯಿಂದ ಮೊದಲು ಮೀಟರ್ ಒರೆಸಿದ. ಆಮೇಲೆ ಮೂಗು.

"ಏನಪ್ಪ ಇದು?"

"ಬಿಸಿಲು ಅಕ್ಕಾ. ವಾರಕ್ಕೊಂದು ಸಲ ಬರುತ್ತೆ."

"ತಲೆನೋವು?"

"ದಿನಾ ಇರುತ್ತೆ. ಅದಕ್ಕೇನು?"

ನಾನು ಎದ್ದು ಆತನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡೆ. ಟೀ ಅಂಗಡಿಯವನಿಗೆ ಗಾಡಿ ನೋಡಿಕೋ ಎಂದು ಹೇಳಿ, ಆತನನ್ನು ಹಿಂದಿನ ಬೀದಿಯ ಚಿಕ್ಕ ಕ್ಲಿನಿಕ್ಕಿಗೆ ಹೊರಡಿಸಿದೆ. ದಾರಿಯುದ್ದಕ್ಕೂ ಗೊಣಗಿದ. ನನಗಿಂತ ಆರೇಳು ವರ್ಷ ಚಿಕ್ಕವನು, ನಾನು ಗದರಿದರೆ ಬರುತ್ತಿದ್ದ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಗಡಿಯಾರದಂಥ ಡಬ್ಬಿಯನ್ನು ನೋಡಿದಳು. ಮುಖ ಬದಲಾಯಿತು. ಇನ್ನೊಂದು ಸಲ ನೋಡಿದಳು. "ಭಾಯಿ, ತುಂಬಾ ಜಾಸ್ತಿ ಇದೆ. ಇವತ್ತಿಂದಾನೇ ಮಾತ್ರೆ ಶುರು ಮಾಡ್ಬೇಕು. ಬಿಟ್ರೆ ಸ್ಟ್ರೋಕ್ ಆಗುತ್ತೆ, ಜೀವಕ್ಕೇ ಬರುತ್ತೆ" ಎಂದಳು.

ಆತ ಅವಳ ಮಾತು ಕೇಳುತ್ತಿರಲಿಲ್ಲ. ಡಬ್ಬಿಯನ್ನೇ ನೋಡುತ್ತಿದ್ದ.

"ಡಾಕ್ಟರಮ್ಮ, ಗಾಳಿ ಪೂರ್ತಿ ಬಿಟ್ರಾ?"

"ಬಿಟ್ಟೆ."

"ಹಾಗಾದ್ರೆ ಮುಳ್ಳು ಯಾಕೆ ಸೊನ್ನೆಗೆ ಬಂದಿಲ್ಲ? ಎರಡು ಗೆರೆ ಮೇಲೆ ನಿಂತಿದೆ, ನೋಡಿ. ಇದರ ಸ್ಪ್ರಿಂಗ್ ಸೋತಿದೆ."

ನಾನು ಬಗ್ಗಿ ನೋಡಿದೆ. ನಿಜ. ಮುಳ್ಳು ಸೊನ್ನೆಯಿಂದ ಎರಡು ಗೆರೆ ಮೇಲಿತ್ತು. ಅವಳೂ ನೋಡಿದಳು. "ಸ್ವಲ್ಪ ಇದೆ, ಸರಿ ಮಾಡಿಸ್ತೀನಿ. ಆದ್ರೆ ಎರಡು ಗೆರೆ ಕಳೆದ್ರೂ ನಿಮ್ಮದು ಎಲ್ಲೋ ಮೇಲಿದೆ ಭಾಯಿ. ಅದು ಲೆಕ್ಕಕ್ಕೇ ಇಲ್ಲ."

"ನಿಂತಿರೋ ಕಡೆ ಎರಡು ಗೆರೆ ತಪ್ಪು ಹೇಳೋ ಮುಳ್ಳು, ಓಡೋ ಕಡೆ ಎಷ್ಟು ತಪ್ಪು ಹೇಳುತ್ತೋ ಯಾರಿಗೆ ಗೊತ್ತು? ಬೆಳಿಗ್ಗೆಯಿಂದ ಇದೇ ಕೆಲಸ ಮಾಡ್ತಿದ್ದೀನಿ ನಾನು. ಸರಿ ಇರೋರಿಗೆ ಹಾಕಿ ನೋಡೋಣ."

ಡಾಕ್ಟರಮ್ಮ ತನ್ನ ನರ್ಸನ್ನು ಕರೆದಳು. ಆತ ಬೇಡ ಎಂದ. "ಆ ಹುಡುಗಿ ಹೇಗಿದ್ದಾಳೋ ನನಗೇನು ಗೊತ್ತು? ನನಗೆ ಗೊತ್ತಿರೋರು ಬೇಕು." ಆಮೇಲೆ ನನ್ನ ಕಡೆ ತಿರುಗಿದ. "ಈ ಅಕ್ಕ ಇದ್ದಾರೆ. ಎಷ್ಟು ವರ್ಷದಿಂದ ನೋಡ್ತಿದ್ದೀನಿ, ಒಂದು ಕೆಮ್ಮಿಲ್ಲ, ನೆಗಡಿ ಇಲ್ಲ, ಬಾಯಿಗೆ ಮಾತ್ರ ಬಿಡುವಿಲ್ಲ. ಇವರಿಗೆ ಹಾಕಿ. ಸರಿಯಾಗಿ ತೋರಿಸಿದ್ರೆ ನೀವು ಹೇಳಿದ ಮಾತ್ರೆ ಇಲ್ಲೇ ನುಂಗ್ತೀನಿ."

"ಆಯ್ತು. ಕೈ ಕೊಡಿ ಅಜ್ಜಿ" ಎಂದಳು ಡಾಕ್ಟರಮ್ಮ.

ನಾನು ಕೊಡಲಿಲ್ಲ.

"ನಾನೇನು ಚರಂಡಿ ಕಲ್ಲಿನ ಮೇಲೆ ನಿಲ್ಲಿಸಿರೋ ಗಾಡೀನಾ, ಸಿಕ್ಕಿದ್ದನ್ನ ನನಗೆ ತಗುಲಿಸಿ ನೋಡೋಕೆ? ಕಾಯಿಲೆ ಅವನಿಗೆ. ಓದಿದ ಹುಡುಗಿ ಹೇಳ್ತಿದ್ದಾಳೆ, ಮುಚ್ಚಿಕೊಂಡು ಮಾತ್ರೆ ತಗೋ" ಎಂದು ಕೂಗಾಡಿದೆ. ಹೊರಗೆ ಕೂತಿದ್ದವರು ಒಳಗೆ ಇಣುಕಿದರು. ಸಿಟ್ಟು ಬಂದಿದ್ದು ನಿಜ. ಆದರೆ ಸಿಟ್ಟಿನಿಂದ ಅಲ್ಲ ನಾನು ಕೈ ಕೊಡದಿದ್ದದ್ದು. ನನಗೆ ಹೆದರಿಕೆಯಾಗಿತ್ತು. ಹುಟ್ಟಿದಾಗಿನಿಂದ ನನ್ನ ತೋಳಿಗೆ ಆ ಪಟ್ಟಿ ಸುತ್ತಿದವರಿಲ್ಲ. ಸುತ್ತಿದರೆ ನನಗೂ ಏನೋ ಇದೆ ಎಂದುಬಿಟ್ಟರೆ? ಹುಳುಮನೆ ಯಾರು ನೋಡುತ್ತಾರೆ, ಸೊಪ್ಪು ಯಾರು ಕೊಯ್ಯುತ್ತಾರೆ, ಮಗಳು ಎಷ್ಟು ಅಂತ ಮಾಡುತ್ತಾಳೆ? ಗೊತ್ತಿಲ್ಲದೆ ಇರುವುದೇ ಒಳ್ಳೆಯದು ಎಂದು ನಾನು ಕೈಯನ್ನು ಸೆರಗಿನ ಒಳಗೆ ಸುತ್ತಿಕೊಂಡು ಕೂತೆ.

"ನೋಡಿದ್ರಾ, ಅವರಿಗೂ ನಂಬಿಕೆ ಇಲ್ಲ" ಎಂದ ಭಾಯಿ. ಡಾಕ್ಟರಮ್ಮ ಬರೆದುಕೊಟ್ಟ ಮಾತ್ರೆಯ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ. "ಮೆಷಿನ್ ಕಳಿಸಿಕೊಡಿ ಡಾಕ್ಟರಮ್ಮ, ಸ್ಪ್ರಿಂಗ್ ನಾನೇ ಮಾಡಿಕೊಡ್ತೀನಿ. ಆಮೇಲೆ ಬಂದು ನೋಡಿಸಿಕೊಳ್ತೀನಿ." ಮಾತ್ರೆ ಮಾತ್ರ ಇವತ್ತೇ ತಗೊಳ್ಳಿ ಎಂದು ಅವಳು ಬಾಗಿಲವರೆಗೂ ಬಂದು ಹೇಳಿದಳು. ಆತ ಸಲಾಂ ಮಾಡಿ ನಡೆದೇಬಿಟ್ಟ. ವಾಪಸ್ ಬಂದು ನಮ್ಮ ಮೀಟರ್ ಮುಗಿಸಿದ. ಮುಳ್ಳು ಸೊನ್ನೆಗೆ ಬಂದು ನಿಂತಾಗ ಆತನ ಮುಖ ನೋಡಬೇಕಿತ್ತು. ಮಗಳು ಬಂದ ಮೇಲೆ ದುಡ್ಡು ಕೊಟ್ಟು ಗಾಡಿ ಹತ್ತಿದೆ. ಮಗಳು, ಯಾಕಮ್ಮ ಮುಖ ಗಂಟು ಹಾಕಿಕೊಂಡಿದ್ದೀಯ ಎಂದು ಕೇಳಿದಳು. ಆ ಮೂಢನ ಸಹವಾಸ ಸಾಕು ಎಂದೆ.

ಮುಂದಿನ ಗೂಡು ಆಗುವ ಹೊತ್ತಿಗೆ ಆತ ಇರಲಿಲ್ಲ. ಬೆಳಿಗ್ಗೆ ಅಂಗಡಿಯ ಬಾಗಿಲೆತ್ತುವಾಗಲೇ ಬಿದ್ದನಂತೆ. ಒಂದು ಕಡೆಯ ಕೈಕಾಲು ಆಗಲೇ ಹೋಗಿತ್ತು. ಟೀ ಅಂಗಡಿಯವನೇ ಆಟೋದಲ್ಲಿ ಹಾಕಿಕೊಂಡು ಚಿಕ್ಕಬಳ್ಳಾಪುರದ ಕಡೆ ಓಡಿಸಿದ. ತಲುಪುವ ಮೊದಲೇ ಮುಗಿಯಿತು. ಮಾರುಕಟ್ಟೆಯಿಂದ ಫೋನ್ ಬಂದಾಗ ನಾನು ಸೊಪ್ಪು ಹೆಚ್ಚುತ್ತಿದ್ದೆ. ಕತ್ತಿ ಕೆಳಗಿಟ್ಟು ಮಗಳ ಗಾಡಿ ಹತ್ತಿದೆ.

ಗಂಡಸರು ಮಣ್ಣಿಗೆ ಹೋಗಿದ್ದರು. ಹೆಂಗಸರು ಮನೆಯ ಒಳಗಿದ್ದರು. ಆತನ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಅವಳನ್ನು ನಾನು ಮೊದಲು ಎರಡೇ ಸಲ ನೋಡಿದ್ದೆ. ಪಕ್ಕದಲ್ಲಿ ಜಾಗ ಮಾಡಿ ಕೂರಿಸಿಕೊಂಡಳು. ಅಳು ಮುಗಿದಿತ್ತು, ಮಾತು ಬರುತ್ತಿತ್ತು.

"ಚೀಟಿ ಜೇಬಲ್ಲೇ ಇತ್ತು ಅಕ್ಕಾ. ಒಗೆಯೋಕೆ ತೆಗೆದಾಗ ಕೇಳ್ದೆ. ಮೆಷಿನ್ ಸರಿಯಿಲ್ಲ, ಸರಿಯಾದ ಮೇಲೆ ಹೋಗ್ತೀನಿ ಅಂದ್ರು."

"ಒಳ್ಳೇ ಮಾತಲ್ಲಿ ಹೇಳಬೇಕಿತ್ತಮ್ಮ" ಎಂದೆ, ಹೇಳಲು ಬೇರೇನೂ ತೋಚದೆ.

"ಮಾತಲ್ಲಿ ಕೇಳೋ ಮನುಷ್ಯ ಅಲ್ಲ ಅವರು. ಜ್ವರ ಬಂದ್ರೆ ಥರ್ಮಾಮೀಟರ್ ಮೊದಲು ನನ್ನ ಬಾಯಲ್ಲಿ ಇಡೋರು. ನನಗೆ ಸರಿಯಾಗಿ ತೋರಿಸಿದ್ರೆ ಆಮೇಲೆ ತಾವು ಇಟ್ಟುಕೊಳ್ಳೋರು. ಜಾಸ್ತಿ ಇದ್ರೆ ಮಗು ಥರ ಮಾತ್ರೆ ನುಂಗೋರು, ಒಂದು ಮಾತಿಲ್ಲ. ಮೂವತ್ತು ವರ್ಷ ಹಾಗೇ ಮಾಡಿದ್ದೀನಿ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವತ್ತು ನಾನು ಜೊತೇಲಿದ್ದಿದ್ರೆ ಕೈ ಕೊಡ್ತಿದ್ದೆ ಅಕ್ಕಾ. ಅಷ್ಟೇ ಆಗಿತ್ತು ಕೆಲಸ."

ಕ್ಲಿನಿಕ್ಕಿಗೆ ಯಾರೋ ಕರೆದುಕೊಂಡು ಹೋದರು ಎಂದಷ್ಟೇ ಅವಳಿಗೆ ಗೊತ್ತಿತ್ತು. ಯಾರು ಎಂದು ಆತ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಅವಳು ಕೊಟ್ಟ ನೀರು ಕುಡಿದು ಬಂದೆ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಶಿಡ್ಲಘಟ್ಟಕ್ಕೆ ಹೋದೆ. ಹುಳುಗಳಿಗೆ ಸೊಪ್ಪು ಹಾಕು ಎಂದಷ್ಟೇ ಮಗಳಿಗೆ ಹೇಳಿದ್ದೆ. ಕ್ಲಿನಿಕ್ಕಿನ ಬೀಗ ತೆಗೆಯುವಾಗ ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಡಾಕ್ಟರಮ್ಮ ಗುರುತು ಹಿಡಿದು, ಭಾಯಿ ಮಾತ್ರೆ ತಗೊಂಡ್ರಾ ಎಂದು ಕೇಳಿದಳು. ಇಲ್ಲ, ನಿನ್ನೆ ಮಣ್ಣು ಮಾಡಿದರು ಎಂದೆ. ಅವಳು ಏನೋ ಹೇಳಲು ಬಂದಳು. ನಾನು ಅದಕ್ಕೆ ಕಾಯದೆ ಒಳಗೆ ಹೋಗಿ, ಅದೇ ಸ್ಟೂಲಿನ ಮೇಲೆ ಕೂತು, ರವಿಕೆಯ ತೋಳು ಮೇಲೆ ಸರಿಸಿ, ಮೇಜಿನ ಮೇಲೆ ಕೈ ಚಾಚಿದೆ.

"ಅವತ್ತಿನ ಮೆಷಿನ್ನೇ ತಾನೇ?"

"ಅದೇ ಅಜ್ಜಿ. ಇನ್ನೂ ರಿಪೇರಿಗೆ ಕೊಟ್ಟಿಲ್ಲ."

"ಹಾಕು."

ಪಟ್ಟಿ ಬಿಗಿಯಾಯಿತು, ಸಡಿಲವಾಯಿತು. "ಸರಿಯಾಗಿದೆ ಅಜ್ಜಿ. ನಿಮಗೇನೂ ಇಲ್ಲ" ಎಂದಳು.

ಇನ್ನೊಂದು ಸಲ ನೋಡು ಎಂದೆ. ನೋಡಿದಳು. ಆಮೇಲೆ ಇನ್ನೊಂದು ಕೈ ಕೊಟ್ಟೆ. ಅದರಲ್ಲೂ ಸರಿಯಾಗಿತ್ತು.